ಹಿಂದೇನು ಎಳೀತೀರಿ ಅಂತ ಯಾರೂ ಕೇಳುವುದಿಲ್ಲ

ಮೂಡಿಗೆರೆಯ ಬಿಡಿಭಾಗದ ಅಂಗಡಿಗೆ ಹೋಗಿ, ಸಿರಸಿಯದಕ್ಕೆ ಹೋಗಿ, ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋಗಿ. ಬ್ರೇಕ್ ಪ್ಯಾಡ್ ಬೇಕು ಅನ್ನಿ. ‘ಯಾವ ಗಾಡಿ? ಯಾವ ಮಾಡೆಲ್?’ ಅಂತ ಕೇಳುತ್ತಾರೆ. ಆಮೇಲೆ ‘ಕಂಪನಿದು ಕೊಡ್ಲಾ, ಲೋಕಲ್ ಸಾಕಾ?’ ಅನ್ನುತ್ತಾರೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಗಾಡಿಯ ಹಿಂದೆ ಏನು ಎಳೆಯುತ್ತೀರಿ, ಎಷ್ಟು ತೂಕ, ಯಾವ ಘಟ್ಟ ಇಳಿಯುತ್ತೀರಿ ಎಂಬ ಮಾತು ಕೌಂಟರಿನ ಆ ಕಡೆಯಿಂದಲೂ ಬರುವುದಿಲ್ಲ, ಈ ಕಡೆಯಿಂದಲೂ ಬರುವುದಿಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಜೀಪಿಗೂ, ಒಂದೂವರೆ ಟನ್ನಿನ ಟ್ರೇಲರ್ ಕಟ್ಟಿಕೊಂಡು ಚಾರ್ಮಾಡಿ ಇಳಿಯುವ ಜೀಪಿಗೂ ಒಂದೇ ಡಬ್ಬಿಯ ಪ್ಯಾಡ್ ಹೋಗುತ್ತದೆ.

ಇದರ ಹಿಂದೆ ಒಂದು ನಂಬಿಕೆ ಇದೆ. ಪ್ಯಾಡ್ ಅಂದರೆ ಪ್ಯಾಡೇ, ಅಳತೆ ಸರಿಯಾಗಿ ಕೂತರೆ ಸಾಕು, ಉಳಿದದ್ದು ಡ್ರೈವರನ ಕೈ, ದೇವರ ದಯೆ. ಮಾಲೀಕರು, ಮೆಕ್ಯಾನಿಕ್‌ಗಳು, ಅಂಗಡಿಯವರು, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಕೊಡುವ ಇಲಾಖೆ, ಲೋಡು ತುಂಬಿಸುವ ಕಾರ್ಖಾನೆ, ಎಲ್ಲರೂ ಇದನ್ನು ಒಪ್ಪಿಕೊಂಡು ನೆಮ್ಮದಿಯಾಗಿದ್ದಾರೆ. ಈ ನೆಮ್ಮದಿ ಸುಳ್ಳಿನ ಮೇಲೆ ನಿಂತಿದೆ. ಇದು ಪ್ರತಿ ವರ್ಷ ರಸ್ತೆಯಲ್ಲಿ ಜೀವ ತೆಗೆಯುತ್ತಿದೆ.

ಮೊದಲು ಲೆಕ್ಕ ನೋಡೋಣ, ಏಕೆಂದರೆ ಲೆಕ್ಕ ನೋಡದಿರುವುದೇ ಈ ನಂಬಿಕೆಯ ಬಂಡವಾಳ. ಜೀಪಿನ ತೂಕ 1,700 ಕಿಲೋ, ಹಿಂದಿನ ಟ್ರೇಲರ್ ಸಾಮಾನೂ ಸೇರಿ 1,500 ಕಿಲೋ ಅಂತಿಟ್ಟುಕೊಳ್ಳಿ. ಒಟ್ಟು 3,200 ಕಿಲೋ. ಇದು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 1.57 ಕೋಟಿ ಜೂಲ್. ಬಚ್ಚಲ ಹಂಡೆಯಲ್ಲಿ 50 ಲೀಟರ್ ತಣ್ಣೀರು ತುಂಬಿ ಮಳಮಳ ಕುದಿಸಲು ಬೇಕಾದಷ್ಟು ಶಾಖ ಅದು. ಅದರಲ್ಲಿ ಒಂದು ಪಾಲನ್ನು ಗಾಳಿ, ಟೈರು, ಗೇರಿನಲ್ಲಿರುವ ಎಂಜಿನ್ ನುಂಗುತ್ತವೆ. ಮಿಕ್ಕಿದ್ದಷ್ಟೂ ಅಂಗೈಯಗಲದ ನಾಲ್ಕು ಪ್ಯಾಡು, ಹಿಂದಿನ ಎರಡು ಡ್ರಮ್ಮುಗಳೊಳಗಿನ ಲೈನರುಗಳ ಪಾಲಿಗೆ ಬರುತ್ತದೆ. ಟ್ರೇಲರ್ ಇಲ್ಲದಿದ್ದರೆ ಈ ಹೊರೆ ಹೆಚ್ಚುಕಡಿಮೆ ಅರ್ಧ. ಅದೇ ಗಾಡಿ, ಅದೇ ರಸ್ತೆ, ಅದೇ ಪ್ಯಾಡು, ಮೈಮೇಲೆ ಬಿದ್ದ ಬೆಂಕಿ ಇಮ್ಮಡಿ. ‘ಯಾವ ಮಾಡೆಲ್’ ಎಂಬ ಪ್ರಶ್ನೆ ಈ ಇಮ್ಮಡಿಯನ್ನು ಎಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿತು?

ನಿಲ್ಲುವ ದೂರವೂ ಹೀಗೆಯೇ. ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ 1,700 ಕಿಲೋ ನಿಲ್ಲಿಸಲು ಮಾಡಿದ ಬ್ರೇಕು 3,200 ಕಿಲೋ ನಿಲ್ಲಿಸಬೇಕು. ಒಬ್ಬಂಟಿಯಾಗಿ 25 ಮೀಟರಿನೊಳಗೆ ನಿಲ್ಲುತ್ತಿದ್ದ ಗಾಡಿಗೆ ಈಗ ಸುಮಾರು 47 ಮೀಟರ್ ಬೇಕು. ಆ ಇಪ್ಪತ್ತೆರಡು ಮೀಟರಿನಲ್ಲಿ ಶಾಲೆ ಮಕ್ಕಳು ರಸ್ತೆ ದಾಟುತ್ತಿರಬಹುದು, ಬೈಕೊಂದು ತಿರುವಿನಿಂದ ಬರುತ್ತಿರಬಹುದು. ಜೊತೆಗೆ ಟ್ರೇಲರಿನ ಮೂತಿಯ ಭಾರ ಜೀಪಿನ ಹಿಂಭಾಗವನ್ನು ಒತ್ತಿ ಮುಂಭಾಗವನ್ನು ಹಗುರಾಗಿಸುತ್ತದೆ. ಬ್ರೇಕಿನ ಹೆಚ್ಚಿನ ಕೆಲಸ ಮಾಡಬೇಕಾದದ್ದು ಮುಂದಿನ ಚಕ್ರಗಳೇ. ಅವುಗಳ ಹಿಡಿತವೇ ಸಡಿಲವಾದ ಗಾಡಿಗೆ ನಾವು ಅಂಗಡಿಯಲ್ಲಿ ಅತಿ ಅಗ್ಗದ ಪ್ಯಾಡ್ ಹುಡುಕುತ್ತೇವೆ.

ಪ್ಯಾಡಿನ ಮಸಾಲೆ ಎಂದು ಮೆಕ್ಯಾನಿಕ್‌ಗಳು ಕರೆಯುವುದು ಹಲವು ಪುಡಿಗಳನ್ನು ರಾಳದಲ್ಲಿ ಅಂಟಿಸಿ ಒತ್ತಿ ಬೇಯಿಸಿದ ಮಿಶ್ರಣ. ನಾರು, ರಬ್ಬರು, ರಾಳಗಳೇ ಹೆಚ್ಚಿರುವ ಸಾದಾ ಆರ್ಗಾನಿಕ್ ಪ್ಯಾಡ್ ಊರೊಳಗೆ ಚೆನ್ನಾಗಿ ಹಿಡಿಯುತ್ತದೆ, ಸದ್ದು ಮಾಡುವುದಿಲ್ಲ, ಡಿಸ್ಕನ್ನು ಹೆಚ್ಚು ಸವೆಸುವುದಿಲ್ಲ. ಆದರೆ ಸುಮಾರು 300 ಡಿಗ್ರಿ ದಾಟಿದ ಮೇಲೆ ರಾಳ ಒಡೆದು ಅನಿಲ ಬಿಡತೊಡಗುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವೆ ಆ ಅನಿಲ ಸೇರಿಕೊಂಡಾಗ ಹಿಡಿತ ಕುಸಿಯುತ್ತದೆ. ಪೆಡಲ್ ಗಟ್ಟಿಯಾಗೇ ಇರುತ್ತದೆ, ಕಾಲಿನ ಬಲವೂ ಇದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಇದನ್ನು ಫೇಡ್ ಅನ್ನುತ್ತಾರೆ. ಘಟ್ಟದ ತುದಿಯಲ್ಲಿ ಚೆನ್ನಾಗಿ ಹಿಡಿದ ಬ್ರೇಕು ಏಳನೆಯ ತಿರುವಿನಲ್ಲಿ ಕೈಕೊಡುವುದು ಹೀಗೆ. ಗಾಡಿ ಆರಿದ ಮೇಲೆ ಅದೇ ಬ್ರೇಕು ಮತ್ತೆ ಹಿಡಿಯುತ್ತದೆ. ತಪಾಸಣೆಗೆ ಬಂದವರಿಗೆ ‘ಬ್ರೇಕ್ ಸರಿಯಾಗೇ ಇದೆಯಲ್ಲ’ ಎನಿಸುತ್ತದೆ, ತಪ್ಪೆಲ್ಲ ಡ್ರೈವರನ ತಲೆಗೆ ಬರುತ್ತದೆ. ಎಷ್ಟು ಡ್ರೈವರುಗಳು ಹೀಗೆ ಮಾಡದ ತಪ್ಪಿಗೆ ಹೊಣೆ ಹೊತ್ತಿದ್ದಾರೋ!

ಹಾಗಾದರೆ ಎಳೆಯುವ ಗಾಡಿಗೆ ಬೇಕಾದದ್ದು ಏನೆಂದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಉಕ್ಕಿನ ನಾರು, ಕಬ್ಬಿಣದ ಪುಡಿ, ತಾಮ್ರದಂಥ ಲೋಹ ಗಣನೀಯ ಪ್ರಮಾಣದಲ್ಲಿರುವ ಸೆಮಿ ಮೆಟಾಲಿಕ್ ಪ್ಯಾಡು, ಅಥವಾ ಭಾರದ ವಾಹನಕ್ಕೆಂದೇ ಮಾಡಿದ ಹೆವಿ ಡ್ಯೂಟಿ ಪ್ಯಾಡು. ಇವು ಶಾಖವನ್ನು ಬೇಗ ಸಾಗಿಸುತ್ತವೆ, ಕಾದಾಗಲೂ ಹಿಡಿತ ಬಿಟ್ಟುಕೊಡುವುದಿಲ್ಲ. ತಣ್ಣಗಿದ್ದಾಗ ಸ್ವಲ್ಪ ಗೊರಗೊರ ಅನ್ನಬಹುದು, ಡಿಸ್ಕು ಸ್ವಲ್ಪ ಬೇಗ ಸವೆಯಬಹುದು. ಇಲ್ಲೇ ನಮ್ಮ ಪೇಟೆಯ ದೊಡ್ಡ ಅಡ್ಡಿ ಇರುವುದು. ಪ್ಯಾಡ್ ಬದಲಿಸಿ ಗಾಡಿ ತೆಗೆದುಕೊಂಡು ಹೋದ ಗಿರಾಕಿ ‘ಕೀಂ ಅಂತಿದೆ ಕಣಪ್ಪ, ಬೇರೆ ಹಾಕು’ ಅಂತ ಮರುದಿನವೇ ವಾಪಸ್ ಬರುತ್ತಾನೆ. ಆ ತಗಾದೆ ಯಾಕೆ ಬೇಕೆಂದು ಮೆಕ್ಯಾನಿಕ್ ಮೆತ್ತಗಿನ ಪ್ಯಾಡನ್ನೇ ಹಾಕಿ ಕಳಿಸುತ್ತಾನೆ. ಸದ್ದು ಬಾರದ ಬ್ರೇಕು ಒಳ್ಳೆಯ ಬ್ರೇಕು ಎಂಬ ತೀರ್ಪನ್ನು ಕೊಟ್ಟವರು ಯಾರು? ಘಟ್ಟ ಇಳಿಯುವ ಗಾಡಿಯ ಬ್ರೇಕನ್ನು ಕಾರಿನ ಮೌನದಿಂದ ಅಳೆಯುವ ಹಕ್ಕು ಯಾರಿಗಿದೆ? ‘ಡಿಸ್ಕ್ ತಿನ್ನುತ್ತೆ’ ಎಂಬ ದೂರಂತೂ ನನ್ನನ್ನು ಕೆರಳಿಸುತ್ತದೆ. ಡಿಸ್ಕು ಸವೆಯಲೆಂದೇ ಇರುವ ಭಾಗ. ಅದರ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೇ ಅಚ್ಚೊತ್ತಿರುತ್ತಾರೆ, ಅಳೆದು ಬದಲಿಸಬೇಕೆಂದು. ಅದನ್ನು ಉಳಿಸಲು ಮನುಷ್ಯನನ್ನು ಪಣಕ್ಕಿಡುವುದು ಯಾವ ಜಾಣತನ?

ಇನ್ನು ಹಣವಿದ್ದವರ ತಪ್ಪು ಬೇರೆ ಬಗೆಯದು. ಸೆರಾಮಿಕ್ ಪ್ಯಾಡು ಎಲ್ಲಕ್ಕಿಂತ ದುಬಾರಿ, ಹಾಗಾಗಿ ಎಲ್ಲಕ್ಕಿಂತ ಉತ್ತಮ ಎಂದು ತೋಟದ ಧಣಿಗಳು ಅದನ್ನೇ ಹಾಕಿಸುತ್ತಾರೆ. ಸೆರಾಮಿಕ್ ಪ್ಯಾಡು ಕಾರಿಗೆ ಒಳ್ಳೆಯದು: ದೂಳು ಕಡಿಮೆ, ಸದ್ದಿಲ್ಲ, ಬಾಳಿಕೆ ಹೆಚ್ಚು. ಆದರೆ ರಸ್ತೆಯ ಕಾರುಗಳಿಗೆಂದು ಮಾಡಿದ ಬಹುಪಾಲು ಸೆರಾಮಿಕ್ ಪ್ಯಾಡುಗಳು ಹೊರೆ ಎಳೆಯುವ ನಿರಂತರ ಶಾಖಕ್ಕೆ ತಯಾರಾದವಲ್ಲ. ಬೆಲೆಯನ್ನೇ ಗುಣವೆಂದು ನಂಬುವುದೂ, ಅಗ್ಗವಾದದ್ದನ್ನೇ ಸಾಕೆಂದು ನಂಬುವುದೂ ಒಂದೇ ಸೋಮಾರಿತನದ ಎರಡು ಕವಲು. ಎರಡರಲ್ಲೂ ಗಾಡಿ ಮಾಡುವ ಕೆಲಸದ ಬಗ್ಗೆ ಯೋಚನೆಯಿಲ್ಲ. ರೇಸಿನ ಪ್ಯಾಡು ಹಾಕಿಸಿದರೆ ಇನ್ನೂ ಗಟ್ಟಿ ಎನ್ನುವ ಹುಡುಗರಿಗೂ ಇದೇ ಮಾತು. ಅವು ಕಾದ ಮೇಲೆ ಮಾತ್ರ ಸರಿಯಾಗಿ ಹಿಡಿಯುತ್ತವೆ. ಬೆಳಗಿನ ಚಳಿಯಲ್ಲಿ ತೋಟದ ಗೇಟು ದಾಟುವಾಗ ಅವಕ್ಕೆ ಸಾಕಷ್ಟು ಹಿಡಿತ ಇರುವುದಿಲ್ಲ.

ಪ್ಯಾಡ್ ಎಷ್ಟು ಹಿಡಿಯುತ್ತದೆ ಎನ್ನುವುದು ಗುಟ್ಟಿನ ವಿದ್ಯೆಯೂ ಅಲ್ಲ. ಹಲವು ತಯಾರಕರು ಪ್ಯಾಡಿನ ಅಂಚಿನಲ್ಲೋ ಹಿಂದಿನ ತಗಡಿನ ಮೇಲೋ ಎರಡು ಅಕ್ಷರ ಅಚ್ಚು ಹಾಕಿರುತ್ತಾರೆ. ಮೊದಲನೆಯದು ಮಾಮೂಲಿ ಉಷ್ಣತೆಯಲ್ಲಿನ ಹಿಡಿತ, ಎರಡನೆಯದು ಕಾದಾಗಿನ ಹಿಡಿತ. ಇ ಅಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಎಫ್‌ಇ ಎಂದು ಇದ್ದರೆ ತಣ್ಣಗಿದ್ದಾಗ ಚೆನ್ನಾಗಿ ಹಿಡಿದು ಕಾದಾಗ ಸಡಿಲವಾಗುವ ಪ್ಯಾಡು ಅದು. ಹೊರೆ ಎಳೆಯುವವರು ಅದನ್ನು ಕೌಂಟರಿನಲ್ಲೇ ವಾಪಸ್ ಕೊಡಬೇಕು. ಎರಡೂ ಅಕ್ಷರ ಎಫ್ ಅಥವಾ ಅದಕ್ಕಿಂತ ಮೇಲಿರಬೇಕು. ಈ ಅಕ್ಷರಗಳು ಪ್ರಯೋಗಾಲಯದಲ್ಲಿ ಸಣ್ಣ ಚೂರೊಂದನ್ನು ಉಜ್ಜಿ ಕೊಟ್ಟವು, ಇಡೀ ಗಾಡಿಯನ್ನು ಘಟ್ಟ ಇಳಿಸಿ ಕೊಟ್ಟವಲ್ಲ. ಸವೆತದ ಬಗ್ಗೆಯೂ ಅವು ಏನೂ ಹೇಳುವುದಿಲ್ಲ. ಆದ್ದರಿಂದ ಅವಿದ್ದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಆದರೆ ಅಷ್ಟನ್ನೂ ಓದದ ಅಂಗಡಿ, ಓದಲು ಗೊತ್ತಿಲ್ಲದ ಗ್ಯಾರೇಜು ಯಾವ ಧೈರ್ಯದಲ್ಲಿ ಬ್ರೇಕ್ ಕೆಲಸ ಮಾಡುತ್ತಿವೆ? ಯುರೋಪಿನಲ್ಲಿ ಬದಲಿ ಪ್ಯಾಡ್ ಮಾರಬೇಕಾದರೆ ವಿಶ್ವಸಂಸ್ಥೆಯ 90ನೇ ರೆಗ್ಯುಲೇಶನ್ ಪ್ರಕಾರ ಪರೀಕ್ಷೆಯಾಗಬೇಕು, ಮೂಲ ಪ್ಯಾಡಿನ ಸಾಮರ್ಥ್ಯಕ್ಕೂ ಅದಕ್ಕೂ ಶೇ 15ರೊಳಗಿನ ವ್ಯತ್ಯಾಸ ಮಾತ್ರ ಇರಬಹುದು. ನಮ್ಮ ಕೌಂಟರುಗಳಲ್ಲಿ ಹೆಸರಿಲ್ಲದ, ಅಕ್ಷರವಿಲ್ಲದ, ಬ್ಯಾಚ್ ನಂಬರಿಲ್ಲದ ಪ್ಯಾಡುಗಳು ಪ್ಲಾಸ್ಟಿಕ್ ಕವರಿನಲ್ಲಿ ನೇತಾಡುತ್ತವೆ.

ಅಂಥ ಮಾಲಿನಲ್ಲಿ ಇನ್ನೂ ಒಂದು ಅಪಾಯವಿದೆ. ಹಿಂದಿನ ಕಾಲದ ಲೈನರುಗಳಲ್ಲಿ ಕಲ್ನಾರು ಸಾಮಾನ್ಯವಾಗಿತ್ತು. ಯುರೋಪು ಅದನ್ನು 2005ರ ಹೊತ್ತಿಗೆ ಪೂರ್ತಿ ನಿಲ್ಲಿಸಿತು. ನಾವು ಬಿಳಿ ಕಲ್ನಾರಿನ ಬಳಕೆಯನ್ನು ಇನ್ನೂ ನಿಷೇಧಿಸಿಲ್ಲ. ಏನಿದೆಯೆಂದು ಬರೆಯದ ಲೈನರಿನ ಡ್ರಮ್ ಬಿಚ್ಚಿ ಕಂಪ್ರೆಸರಿನ ಗಾಳಿ ಹೊಡೆದು ದೂಳು ಹಾರಿಸುವ ಹದಿನೆಂಟರ ಹುಡುಗನ ಶ್ವಾಸಕೋಶಕ್ಕೆ ಏನು ಹೋಗುತ್ತಿದೆ? ಅಗ್ಗದ ದರದ ಉಳಿಕೆಯನ್ನು ಆ ಹುಡುಗ ತನ್ನ ಎದೆಯಿಂದ ಕಟ್ಟುತ್ತಿದ್ದಾನೆ.

ಪ್ಯಾಡ್ ಒಂದನ್ನೇ ಬದಲಿಸಿ ಕೈತೊಳೆದುಕೊಳ್ಳುವುದೂ ಈ ರೂಢಿಯ ಭಾಗವೇ. ಲೋಹ ಹೆಚ್ಚಿರುವ ಪ್ಯಾಡು ಶಾಖವನ್ನು ಪಿಸ್ಟನ್ನಿಗೂ ಬ್ರೇಕ್ ಆಯಿಲ್‌ಗೂ ಹೆಚ್ಚು ದಾಟಿಸುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಮಲೆನಾಡಿನಂಥ ಮಳೆಯ ಸೀಮೆಯಲ್ಲಿ ವರ್ಷಾನುಗಟ್ಟಲೆ ಆಯಿಲ್ ಬದಲಿಸದೆ, ಕಡಿಮೆಯಾದಾಗ ಮೇಲೆ ತುಂಬಿಸಿ ಓಡಿಸುವ ಗಾಡಿಗಳೆಷ್ಟು? ಎಡಗಡೆ ಸವೆದಿದೆಯೆಂದು ಎಡಗಡೆಗೆ ಮಾತ್ರ ಪ್ಯಾಡ್ ಹಾಕಿ ಕಳಿಸುವವರಿದ್ದಾರೆ. ಎರಡು ಬದಿಯ ಹಿಡಿತ ಬೇರೆಯಾದರೆ ಟ್ರೇಲರ್ ಕಟ್ಟಿದ ಗಾಡಿ ಒದ್ದೆ ರಸ್ತೆಯಲ್ಲಿ ಅಡ್ಡ ತಿರುಗುತ್ತದೆ. ಹೊಸ ಪ್ಯಾಡು ಕೂತ ಮೇಲೆ ಖಾಲಿ ರಸ್ತೆಯಲ್ಲಿ, ಟ್ರೇಲರ್ ಬಿಚ್ಚಿ, 50-60 ಕಿಲೋಮೀಟರ್ ವೇಗದಿಂದ ಹಲವು ಸಲ ಹದವಾಗಿ ಒತ್ತಿ ಇಳಿಸಿ, ನಡುನಡುವೆ ಆರಲು ಬಿಟ್ಟು ಡಿಸ್ಕಿಗೆ ಹೊಂದಿಸಬೇಕು. ಇದನ್ನು ಹೇಳಿ ಕಳಿಸುವ ಗ್ಯಾರೇಜು ಅಪರೂಪ. ಕಾದ ಡ್ರಮ್ಮಿಗೆ ಬಕೆಟ್ ನೀರು ಸುರಿಯುವುದನ್ನು ಮಾತ್ರ ಘಟ್ಟದ ಬುಡದಲ್ಲಿ ಇಂದಿಗೂ ಕಾಣಬಹುದು. ಎರಕದ ಕಬ್ಬಿಣ ಬಿರುಕು ಬಿಡುವುದಕ್ಕೆ ಅದಕ್ಕಿಂತ ಹತ್ತಿರದ ದಾರಿಯಿಲ್ಲ.

‘ನಮ್ಮ ಡ್ರೈವರ್ ಪಳಗಿದವನು, ಅವನಿಗೆ ಎಂಥ ಬ್ರೇಕಾದರೂ ನಡೆಯುತ್ತೆ’ ಎನ್ನುವ ಮಾಲೀಕರಿಗೆ ನನ್ನ ಉತ್ತರ ಒಂದೇ. ಪಳಗಿದ ಡ್ರೈವರು ಹತ್ತಿದ ಗೇರಿನಲ್ಲೇ ಇಳಿಯುತ್ತಾನೆ, ಎಂಜಿನ್ನಿನಿಂದ ಗಾಡಿ ಹಿಡಿಯುತ್ತಾನೆ, ನಿಜ. ಆದರೆ ಡೀಸೆಲ್ ಉಳಿಸು ಎಂದು ನ್ಯೂಟ್ರಲ್ಲಿನಲ್ಲಿ ಇಳಿಸಲು ಒತ್ತಾಯಿಸುವವರೂ ನೀವೇ. ಗೇರಿನಲ್ಲಿ ಇಳಿಯುವಾಗ ಇಂದಿನ ಡೀಸೆಲ್ ಎಂಜಿನ್ನುಗಳು ಇಂಧನ ಪೂರೈಕೆಯನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಆರದಂತಿರಲು ಡೀಸೆಲ್ ಉರಿಯುತ್ತಲೇ ಇರುತ್ತದೆ. ಉಳಿತಾಯ ಎಲ್ಲಿದೆ? ಎಂಜಿನ್ ಹೊರಬೇಕಾದ ಪಾಲೂ ಪ್ಯಾಡಿನ ಮೇಲೆ ಬಿದ್ದಿತು, ಅಷ್ಟೇ. ಎಂಥ ಕೌಶಲವೂ ಅನಿಲ ಬಿಟ್ಟ ಪ್ಯಾಡಿಗೆ ಹಿಡಿತ ತರಲಾರದು. ಅರಬೈಲು ಘಟ್ಟದಲ್ಲೋ ಶಿರಾಡಿಯಲ್ಲೋ ಗಾಡಿ ಕಂದಕಕ್ಕೆ ಉರುಳಿದ ಮರುದಿನ ಬ್ರೇಕ್ ವೈಫಲ್ಯವೇ ಕಾರಣ ಎಂದು ಸುದ್ದಿ ಮುಗಿಯುತ್ತದೆ, ಸಿಡಿಲು ಹೊಡೆದ ಹಾಗೆ. ಯಾವ ಪ್ಯಾಡು, ಯಾರು ಮಾರಿದ್ದು, ಯಾರು ಹಾಕಿದ್ದು, ಎಷ್ಟು ಹೊರೆ, ಯಾರು ತುಂಬಿದ್ದು ಎಂದು ಬರೆಯಿರಿ. ಪೊಲೀಸರು ಬರೆಯಲಿ, ಪತ್ರಿಕೆಗಳು ಬರೆಯಲಿ.

ಘಟ್ಟ ಬಿಟ್ಟು ಬಯಲಿಗೆ ಬಂದರೆ ಸ್ಥಿತಿ ಇನ್ನೂ ಭೀಕರ. ಕಬ್ಬು ನುರಿಸುವ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ರಸ್ತೆಗಳಲ್ಲಿ ಎರಡು ಟನ್ ಆಸುಪಾಸಿನ ಟ್ರ್ಯಾಕ್ಟರುಗಳು ತಮ್ಮ ಹಲವು ಪಟ್ಟು ತೂಕದ ಎರಡೆರಡು ಟ್ರೇಲಿಗಳನ್ನು ಎಳೆಯುತ್ತವೆ. ಟ್ರ್ಯಾಕ್ಟರಿಗೆ ಬ್ರೇಕಿರುವುದು ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಹೊಲದಲ್ಲಿ ತಿರುಗಿಸಲು ಅನುಕೂಲವಾಗಲೆಂದು ಎಡಕ್ಕೊಂದು ಬಲಕ್ಕೊಂದು ಪೆಡಲ್ ಇರುತ್ತದೆ, ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಒಂದಾಗಿಸಬೇಕು. ಕೊಂಡಿ ಹಾಕದ ಟ್ರ್ಯಾಕ್ಟರಿನ ಒಂದೇ ಪೆಡಲ್ ಒತ್ತಿದರೆ ಹೊರೆ ಹೊತ್ತ ಟ್ರೇಲಿಗಳು ಅದನ್ನು ಅಡ್ಡಕ್ಕೆ ದೂಡಿ ಮಗುಚಿಹಾಕುತ್ತವೆ. ಟ್ರೇಲಿಗಳಿಗೆ ಬ್ರೇಕಿದೆಯೇ? ಯುರೋಪಿನಲ್ಲಿ 750 ಕಿಲೋ ಮೀರಿದ ಟ್ರೇಲರಿಗೆ ಸ್ವಂತ ಬ್ರೇಕ್ ಇರಲೇಬೇಕು. ಇಲ್ಲಿ ಹತ್ತಾರು ಟನ್ ಕಬ್ಬು ಹೊತ್ತವು ಬರಿಯ ಕೊಕ್ಕೆಯ ನಂಬಿಕೆಯ ಮೇಲೆ, ಹಿಂದೆ ಕೆಂಪು ದೀಪವೂ ಇಲ್ಲದೆ ರಾತ್ರಿಯಿಡೀ ಓಡುತ್ತವೆ. ಟ್ರೇಲಿಗೇ ಬ್ರೇಕಿಲ್ಲದಿದ್ದರೆ ಎಳೆಯುವ ಗಾಡಿಗೆ ಜಗತ್ತಿನ ಅತ್ಯುತ್ತಮ ಲೈನರ್ ಹಾಕಿದರೂ ಸಾಲದು.

ಇದೆಲ್ಲ ಸರ್ಕಾರಕ್ಕೆ ಕಾಣುತ್ತಿಲ್ಲವೆಂದು ಯಾರೂ ಹೇಳಲಾರರು. ಎಫ್‌ಸಿಗೆ ಬಂದ ಗಾಡಿಯನ್ನು ಖಾಲಿಯಾಗಿ, ತಣ್ಣನೆಯ ಬ್ರೇಕಿನಲ್ಲಿ ನೋಡಿ ಸಹಿ ಹಾಕಿದರೆ ಅದು ಯಾವುದರ ಪರೀಕ್ಷೆ? ಎಳೆಯುವ ಗಾಡಿಯನ್ನು ಎಳೆಯುವ ಸ್ಥಿತಿಯಲ್ಲೇ ಪರೀಕ್ಷಿಸಬೇಕು: ಟ್ರೇಲರ್ ಕಟ್ಟಿ, ತೂಕ ಹೇರಿ, ಮತ್ತೆ ಮತ್ತೆ ನಿಲ್ಲಿಸಿ, ಬ್ರೇಕು ಕಾದ ಮೇಲೂ ಹಿಡಿಯುತ್ತದೆಯೇ ಎಂದು. ಪ್ರತಿ ಬದಲಿ ಪ್ಯಾಡು ಮತ್ತು ಲೈನರನ್ನು ಮೂಲದ್ದಕ್ಕೆ ಹೋಲಿಸಿ ಪರೀಕ್ಷೆ ಮಾಡಿದ ಮೇಲಷ್ಟೇ ಮಾರಲು ಬಿಡಬೇಕು. ಡಬ್ಬಿಯ ಮೇಲೆ ಹಿಡಿತದ ಅಕ್ಷರ, ತಡೆಯಬಲ್ಲ ಶಾಖ, ಹೊರೆ ಎಳೆಯುವ ಗಾಡಿಗೆ ಯೋಗ್ಯವೋ ಅಲ್ಲವೋ ಎಂಬುದು ಕನ್ನಡದಲ್ಲಿ ಅಚ್ಚಾಗಬೇಕು. ಅಂಗಡಿಯವರು ಬಿಲ್ಲಿನ ಮೇಲೆ ಪ್ಯಾಡಿನ ಹೆಸರು, ಬ್ಯಾಚು, ಗಿರಾಕಿ ಹೇಳಿದ ಹೊರೆ ಬರೆದುಕೊಡಬೇಕು. ಕೇಳದೆ ಕೊಟ್ಟದ್ದರಿಂದ ಅಪಘಾತವಾದರೆ ಅವರೂ ಉತ್ತರ ಕೊಡಬೇಕು. ಮಾಲೀಕರೇ, ನಿಮಗೂ ಹೇಳುತ್ತೇನೆ: ಒಳ್ಳೆಯ ಪ್ಯಾಡಿಗೂ ಕಳಪೆ ಪ್ಯಾಡಿಗೂ ಇರುವ ದರದ ಅಂತರ ಬಹಳ ಸಲ ಒಂದು ಲೋಡಿನ ಬಾಡಿಗೆಯಷ್ಟೂ ಆಗುವುದಿಲ್ಲ. ಮಸಾಲೆ 3 ಮಿಲಿಮೀಟರಿಗೆ ಇಳಿಯುವವರೆಗೂ ಕಾಯಬೇಡಿ. ಹೊರೆ ಎಳೆಯುವ ಗಾಡಿಗೆ ಅದಕ್ಕೂ ಮೊದಲೇ ಬದಲಿಸಿ.

ಆದರೆ ಎಲ್ಲಕ್ಕಿಂತ ಮೊದಲು ಕೈ ಹಾಕಬೇಕಾದದ್ದು ಸಕ್ಕರೆ ಕಾರ್ಖಾನೆಗಳ ಗೇಟಿನಲ್ಲಿ. ಯಾವ ಟ್ರೇಲಿಯಲ್ಲಿ ಎಷ್ಟು ಕಬ್ಬು ಬಂತೆಂದು ಕಾರ್ಖಾನೆಯ ತೂಕದ ಕಾಟಾಕ್ಕಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಮಿತಿ ಮೀರಿದ ಪ್ರತಿ ಹೊರೆಯ ದಾಖಲೆ ಅಲ್ಲೇ ಮುದ್ರಣವಾಗಿ ಚೀಟಿಯಾಗಿ ಹೊರಬರುತ್ತದೆ. ಕಟಾವು ಮತ್ತು ಸಾಗಣೆಯ ವೆಚ್ಚವೆಂದು ರೈತನ ಬಿಲ್ಲಿನಿಂದ ಹಣ ಕಡಿಯುವ ಕಾರ್ಖಾನೆಗೆ ಆ ಸಾಗಣೆಯ ಬ್ರೇಕಿನ ಹೊಣೆ ಯಾಕಿಲ್ಲ? ಹಣ ಕಡಿಯುವಾಗ ಸಾಗಣೆ ತನ್ನದು, ಹೆಣ ಬಿದ್ದಾಗ ಟ್ರ್ಯಾಕ್ಟರ್ ಇನ್ಯಾರದೋ ಎನ್ನುವುದನ್ನು ಇನ್ನೊಂದು ಹಂಗಾಮು ಸಹಿಸಬಾರದು. ನುರಿಸುವ ಕೆಲಸ ಶುರುವಾಗುವ ಮೂರು ತಿಂಗಳು ಮೊದಲೇ ಪ್ರತಿ ಜಿಲ್ಲಾಧಿಕಾರಿ ಆದೇಶ ಹೊರಡಿಸಲಿ: ಸ್ವಂತ ಬ್ರೇಕಿಲ್ಲದ ಟ್ರೇಲಿಯ ಕಬ್ಬನ್ನು ಯಾವ ಕಾಟಾವೂ ತೂಗಕೂಡದು. ಗೇಟಿನಲ್ಲಿ ಬ್ರೇಕ್ ನೋಡುವ ಫಿಟ್ಟರಿನ ಸಂಬಳ, ಟ್ರೇಲಿಗೆ ಬ್ರೇಕ್ ಕೂಡಿಸುವ ಖರ್ಚು ಎರಡನ್ನೂ ಕಾರ್ಖಾನೆಯೇ ಭರಿಸಲಿ, ರೈತನ ಬಿಲ್ಲಿನಿಂದ ಒಂದು ರೂಪಾಯಿಯೂ ಕಡಿಯದೆ. ಆದೇಶ ಮುರಿದ ಕಾರ್ಖಾನೆಯ ಕಾಟಾಕ್ಕೆ ಅಂದೇ ಬೀಗ ಬೀಳಲಿ.